ದಫೇದಾರ ಪಾಲಣ್ಣನ ಹೆಂಡತಿಗೆ ಹಿಡಿದದ್ದು

ಮಧುಗಿರಿಯ ಕೋಟೆ ಬಾಗಿಲ ಕೇರಿಯಲ್ಲಿ ಪಾಲಣ್ಣ ಎಂಬ ದಫೇದಾರನಿದ್ದ. ಕಚೇರಿಯಲ್ಲಿ ಸಾಹೇಬರ ಕೋಣೆಯ ಬಾಗಿಲು ಕಾಯುವುದು, ಒಳಗೆ ಗಂಟೆ ಬಾರಿಸಿದರೆ ಓಡುವುದು, ಸಾಹೇಬರು ಹೊರಗೆ ಬಂದರೆ ನೆಲಕ್ಕೆ ಹಣೆ ತಾಗುವಷ್ಟು ಬಗ್ಗುವುದು, ಇಷ್ಟೇ ಅವನ ಕೆಲಸ. ಆದರೆ ಕೆಂಪು ದವಾಲಿ ಪಟ್ಟಿಯನ್ನು ಹೆಗಲಿಗೆ ಅಡ್ಡ ಹಾಕಿಕೊಂಡು, ಅದರ ಹಿತ್ತಾಳೆ ಬಿಲ್ಲೆ ಬಿಸಿಲಿಗೆ ಹೊಳೆಯುವಂತೆ ಎದೆ ಮುಂದೆ ಮಾಡಿ ಹೊರಟನೆಂದರೆ ಜಗಲಿಯ ಮೇಲಿದ್ದವರು ಎದ್ದು ನಿಲ್ಲುತ್ತಿದ್ದರು. ಆ ಬಿಲ್ಲೆಯನ್ನು ದಿನಾ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದವಳು ಹೆಂಡತಿ.

ಸಂಜೆ ಅವನು ಜಗಲಿಯಲ್ಲಿ ಕುಳಿತರೆ ಮಾತು ಒಂದೇ. "ನಮ್ಮ ಮುತ್ತಾತ ಆ ಕೋಟೆ ಬಾಗ್ಲಲ್ಲಿ ಒಬ್ನೇ ನಿಂತು ದಂಡನ್ನ ತಡ್ದವ್ನೆ ಕಣ್ಲಾ! ನಮ್ಮ ಮೈಯಾಗೆ ಹರಿಯೋದು ಆ ರಕ್ತ." ಮುತ್ತಾತ ತಡೆದನೋ ಓಡಿಹೋದನೋ ಕಂಡವರಿಲ್ಲ. ಮರಿಮಗ ಮಾತ್ರ ತನ್ನ ಜೀವಮಾನದಲ್ಲಿ ಕೈಯೆತ್ತಿದ್ದು ಒಂದೇ ಒಂದು ಜೀವದ ಮೇಲೆ. ಅದೂ ಮನೆಯೊಳಗೆ, ಅಗುಳಿ ಹಾಕಿಕೊಂಡು.

ಆ ಜೀವದ ಹೆಸರು ರಂಗಕ್ಕ. ಸಿರಾ ಸೀಮೆಯ ಗೌಡಗೆರೆಯ ಹುಡುಗಿ. ತಾಯಿ ತಂದೆ ಇಬ್ಬರೂ ತೀರಿಹೋಗಿ, ತಾವರೆಕೆರೆಗೆ ಕೊಟ್ಟಿದ್ದ ಅಕ್ಕ ಪುಟ್ಟಕ್ಕನ ಮನೆಯಲ್ಲಿ ಬೆಳೆದವಳು. ಪುಟ್ಟಕ್ಕನಿಗೆ ಚಿಕ್ಕ ವಯಸ್ಸಿಗೇ ಗಂಡ ಸತ್ತಿದ್ದ. ಹೊಲ ತಾನೇ ಮಾಡಿಸಿಕೊಂಡು, ಯಾರ ಹಂಗಿಗೂ ಬೀಳದೆ ಬದುಕಿದ್ದಳು. ಸರ್ಕಾರಿ ನೌಕರಿಯ ಗಂಡು ಸಿಕ್ಕಿತೆಂದು ತಂಗಿಯನ್ನು ಸಂತೋಷದಿಂದಲೇ ಧಾರೆ ಎರೆಸಿ ಕಳಿಸಿದ್ದಳು.

ಕಚೇರಿಯಲ್ಲಿ ಯಾರಾದರೂ ಪಾಲಣ್ಣನನ್ನು ಗದರಿದ ದಿನ ರಂಗಕ್ಕನಿಗೆ ಪೆಟ್ಟು ಬೀಳುತ್ತಿತ್ತು. ಗುಮಾಸ್ತ "ಏನಯ್ಯಾ ಕಿವುಡ" ಅಂದರೆ ಕೆನ್ನೆಗೆ. ಸಾಹೇಬರು "ಕತ್ತೆ" ಅಂದರೆ ಬೆನ್ನಿಗೆ. ಅಲ್ಲಿ ಕೈಕಟ್ಟಿ ನಗುನಗುತ್ತಾ ನುಂಗಿಕೊಂಡದ್ದನ್ನು ಇಲ್ಲಿ ತಂದು ಕಾರುತ್ತಿದ್ದ. ಹೊಡೆದಾದ ಮೇಲೆ ಕೈಕಾಲು ತೊಳೆದು, ವಿಭೂತಿ ಇಟ್ಟು, ಮುದ್ದೆ ಬಿಸಿಯಾಗಿಲ್ಲವೆಂದು ಗೊಣಗಿಕೊಂಡು ಉಣ್ಣುತ್ತಿದ್ದ. ಅವನ ತಾಯಿ ಕಾಟಮ್ಮ ಒಲೆಯ ಮುಂದೆ ಕುಳಿತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ತನಗೂ ಹಿಂದೆ ಹೀಗೆಯೇ ಬಿದ್ದಿತ್ತು. ಈಗ ಬೇರೆಯವರಿಗೆ ಬೀಳುವುದರಲ್ಲಿ ಆಕೆಗೆ ಒಂದು ಬಗೆಯ ನೆಮ್ಮದಿ. "ಗಂಡ್ಸು ದುಡ್ದು ದಣಿದು ಬತ್ತಾನೆ. ನೀನು ಮುಖ ಊದಿಸ್ಕೊಂಡು ನಿಂತ್ರೆ ಇನ್ನೇನಾಯ್ತದೆ?" ಎಂದು ಸೊಸೆಗೇ ಬುದ್ಧಿ ಹೇಳುತ್ತಿದ್ದಳು.

ರಂಗಕ್ಕ ಬಸುರಿಯಾದಾಗ ಪುಟ್ಟಕ್ಕ ಹೆರಿಗೆಗೆ ಕರೆಯಲು ಬಂದಳು. ಪಾಲಣ್ಣ ಕಳಿಸಲಿಲ್ಲ. ವಿಧವೆಯ ಮನೆಯಲ್ಲಿ ದಫೇದಾರನ ಮಗ ಹುಟ್ಟಬಾರದಂತೆ. ಮಗನೇ ಹುಟ್ಟುತ್ತಾನೆಂದು ಅವನು ಕಚೇರಿಯಲ್ಲಿ ಸಾರಿಬಿಟ್ಟಿದ್ದ. ಹುಟ್ಟಿದ್ದು ಹೆಣ್ಣು. ಅಂದು ಗುಮಾಸ್ತರು "ಏನ್ ದಫೇದಾರ್ರೇ, ದಂಡು ತಡೆಯೋಕೆ ಹೆಣ್ಣನ್ನೇ ನಿಲ್ಲಿಸ್ತೀರೋ?" ಎಂದು ನಕ್ಕರು. ಅವರಿಗೆ ಅದೊಂದು ತಮಾಷೆ. ಮರೆತು ಕೆಲಸಕ್ಕೆ ಕುಳಿತರು. ಪಾಲಣ್ಣ ಅದನ್ನು ಹೊತ್ತುಕೊಂಡು ಮನೆಗೆ ಬಂದ.

ಬಾಣಂತಿ ಕೋಣೆಯ ಕತ್ತಲಲ್ಲಿ, ಕಿವಿಗೆ ಬಟ್ಟೆ ಕಟ್ಟಿಕೊಂಡು, ಪಕ್ಕದಲ್ಲಿ ಕೆಂಡದ ಕುಂಡ ಇಟ್ಟುಕೊಂಡು ರಂಗಕ್ಕ ಮಲಗಿದ್ದಳು. ಹೆತ್ತ ರಕ್ತ ಇನ್ನೂ ನಿಂತಿರಲಿಲ್ಲ. ಮಗು ಅಳುತ್ತಿತ್ತು. ಪಾಲಣ್ಣ ಬಾಗಿಲು ದಾಟಿ ಬಂದು, ಹೆಗಲ ಮೇಲಿದ್ದ ದವಾಲಿ ಬಿಚ್ಚಿ ಹೊಡೆದ. ಬಿಲ್ಲೆ ಅವಳ ಹೆಗಲಿಗೆ ತಾಗಿತು. ಅವಳು ಮಗುವಿನ ಮೇಲೆ ಬೋರಲು ಬಿದ್ದಳು. ಕಾಟಮ್ಮ ಹೊರಗಿನಿಂದ, "ಬಾಣಂತೀನ ಮುಟ್ಟಬಾರ್ದು ಕಣೋ, ಮೈಲಿಗೆ! ಸ್ನಾನ ಮಾಡ್ಕೊಂಡು ಬಾ" ಎಂದಳು. ಆಕೆಗೆ ಕಂಡ ತಪ್ಪು ಅದೊಂದೇ.

ಅಲ್ಲಿಂದ ರಂಗಕ್ಕನಿಗೆ ನಿದ್ದೆ ಹೋಯಿತು. ಹಗಲೂ ಇಲ್ಲ, ಇರುಳೂ ಇಲ್ಲ. ಕಣ್ಣು ತೆರೆದು ಗೋಡೆ ನೋಡುತ್ತಾ ಇರುತ್ತಿದ್ದಳು. ಎದೆ ಹಾಲು ಬತ್ತಿತು. ಮಗು ಕಿರುಚಿದರೆ ಯಾರದೋ ಮನೆಯಲ್ಲಿ ಯಾವುದೋ ಮಗು ಅಳುತ್ತಿದೆಯೆಂಬಂತೆ ಕುಳಿತಿರುತ್ತಿದ್ದಳು. ಇಲ್ಲವೆ ಅದನ್ನು ಸೀರೆಯೊಳಗೆ ಬಿಗಿಯಾಗಿ ಸುತ್ತಿಕೊಂಡು ಮೂಲೆಗೆ ಸರಿಯುತ್ತಿದ್ದಳು. ಕಾಟಮ್ಮ ಎಳೆದರೂ ಬಿಡುತ್ತಿರಲಿಲ್ಲ. ಉಣ್ಣಲು ಕೊಟ್ಟದ್ದು ಹಾಗೆಯೇ ಇರುತ್ತಿತ್ತು. ತಲೆ ಬಾಚಲಿಲ್ಲ. ಒಮ್ಮೊಮ್ಮೆ ಬಾಗಿಲ ಕಡೆ ನೋಡುತ್ತಾ, "ಬಂದ್ರು, ಬಂದ್ರು" ಎಂದು ಪಿಸುಗುಡುತ್ತಿದ್ದಳು. ಬಾಗಿಲಲ್ಲಿ ಯಾರೂ ಇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ನೀರಿಗೆ ಹೋದ ಹೆಂಗಸರು ನೋಡುವಾಗ, ರಂಗಕ್ಕ ಮಗುವನ್ನೆತ್ತಿಕೊಂಡು ಸೇದುವ ಬಾವಿಯ ಕಟ್ಟೆಯ ಮೇಲೆ ನಿಂತಿದ್ದಳು. ಅಳುತ್ತಿರಲಿಲ್ಲ. ಬಗ್ಗಿ ನೀರನ್ನೇ ನೋಡುತ್ತಿದ್ದಳು. ಯಾರೋ ಕೂಗಿಕೊಂಡರು, ಯಾರೋ ಸೆರಗು ಹಿಡಿದು ಕೆಳಕ್ಕೆಳೆದರು.

ಕೇರಿಯಲ್ಲಿ ಗುಲ್ಲೆದ್ದಿತು. ವಯಸ್ಸಾದ ಒಬ್ಬಾಕೆ, "ಇದು ಬಾಣಂತಿ ಸನ್ನಿ ಕಣ್ರವ್ವಾ. ನಿದ್ದೆ ಇಲ್ದೆ, ಮನಸ್ಸು ಕೆಟ್ಟು ಬರೋದು. ತವರು ಕಡೆಗೆ ಕಳ್ಸಿ" ಎಂದಳು. ಆ ಮಾತು ಯಾರಿಗೂ ರುಚಿಸಲಿಲ್ಲ. ಮನಸ್ಸು ಕೆಟ್ಟಿದೆ ಎಂದರೆ ಕೆಡಿಸಿದವರು ಯಾರು ಎಂದು ಕೇಳಬೇಕಾಗುತ್ತದೆ. ದೆವ್ವ ಹಿಡಿದಿದೆ ಎಂದರೆ ಯಾರಿಗೂ ತೊಂದರೆಯಿಲ್ಲ. ಹೆಗಲ ಮೇಲಿನ ಕಪ್ಪು ಗಾಯವನ್ನು ಸ್ನಾನ ಮಾಡಿಸುವ ಹೆಂಗಸು ಕಂಡು ಕೇಳಿದಾಗ ಕಾಟಮ್ಮ, "ಅದೇ ಕಣೆ ಗಾಳಿ ಹೊಡ್ತ. ರಾತ್ರಿಯೆಲ್ಲಾ ಹಿಂಗೆ ಹೊಡೀತದೆ" ಅಂದಳು. ಪಾಲಣ್ಣನಿಗೆ ಈ ದೆವ್ವ ಬಹಳ ಹಿಡಿಸಿತು. ತಾನು ಮಾಡಿದ್ದನ್ನೆಲ್ಲ ತಲೆಯ ಮೇಲೆ ಹೊತ್ತುಕೊಳ್ಳುವ ದೆವ್ವ ಎಷ್ಟು ಜನರಿಗೆ ಸಿಕ್ಕೀತು? ಕಚೇರಿಯಲ್ಲಿ ಮುಖ ಸಣ್ಣದು ಮಾಡಿಕೊಂಡು, "ಮನೇಲಿ ತೊಂದ್ರೆ ಸ್ವಾಮಿ, ಹೆಂಡ್ತಿಗೆ ಗಾಳಿ ಸೋಕೈತೆ" ಎಂದು ಹೇಳಿ ಗುಮಾಸ್ತರ ಕರುಣೆಯನ್ನೂ ಸಂಪಾದಿಸಿದ.

ಗಾಳಿ ಬಿಡಿಸಲು ದೊಡ್ಡೇರಿ ಕಡೆಯಿಂದ ಚಿಕ್ಕಹನುಮಯ್ಯನನ್ನು ಕರೆಸಿದರು. ದೊಡ್ಡ ಹೊಟ್ಟೆಯ, ಕೆಂಪು ಕಣ್ಣಿನ ಆಸಾಮಿ. ಹೆಂಗಸರ ಮೈಮೇಲೆ ಬರುವ ದೆವ್ವಗಳನ್ನು ಮಾತ್ರ ಬಿಡಿಸುತ್ತಿದ್ದ. ಗಂಡಸರ ದೆವ್ವಗಳಿಗೆ ಅವನ ಹತ್ತಿರ ಮದ್ದಿರಲಿಲ್ಲ. ಅಮಾವಾಸ್ಯೆಯ ಮಧ್ಯಾಹ್ನ ಪಾಲಣ್ಣನ ಮನೆಯ ಅಂಗಳದಲ್ಲಿ ಬೂದಿಯ ಗೆರೆ ಎಳೆದು ರಂಗಕ್ಕನನ್ನು ಕೂರಿಸಿದ. ಮೆಣಸಿನಕಾಯಿ ಹೊಗೆ ಹಾಕಿದ. ಕೇರಿಗೆ ಕೇರಿಯೇ ನೆರೆದಿತ್ತು. ಮುಂದಿನ ಸಾಲಿನಲ್ಲಿ ಕೇರಿಯ ಯಜಮಾನ ಬೊಮ್ಮಣ್ಣ. ಅವನ ಪಕ್ಕ ಕಂಬಳಿ ಹಾಸಿಕೊಂಡು ಪಾಲಣ್ಣ, ಅಂದೂ ದವಾಲಿ ಹಾಕಿಕೊಂಡೇ ಕುಳಿತಿದ್ದ. ದೆವ್ವಕ್ಕೂ ಸರ್ಕಾರದ ಭಯ ಇರಲಿ ಎಂದೇನೋ.

ಅದೇ ಹೊತ್ತಿಗೆ ಪುಟ್ಟಕ್ಕ ಬಂದಳು. ಬಾವಿಕಟ್ಟೆಯ ಸುದ್ದಿ ಸಿರಾದಿಂದ ಬರುವ ಗಾಡಿಯವರ ಬಾಯಲ್ಲಿ ತಾವರೆಕೆರೆಗೆ ಮುಟ್ಟಿತ್ತು. ತನ್ನದೇ ಗಾಡಿ ಕಟ್ಟಿಸಿಕೊಂಡು ಬಂದು ಜನರ ಹಿಂದೆ ನಿಂತವಳಿಗೆ, ಹೊಗೆಯೊಳಗೆ ಕೆಮ್ಮುತ್ತಾ ಕುಳಿತಿದ್ದ ತಂಗಿಯ ಗುರುತು ಹಚ್ಚಲು ಸ್ವಲ್ಪ ಹೊತ್ತು ಹಿಡಿಯಿತು.

ಚಿಕ್ಕಹನುಮಯ್ಯ ಬೇವಿನ ಸೊಪ್ಪಿನಿಂದ ಅವಳ ತಲೆಗೆ ಹೊಡೆಯುತ್ತಾ ಗದರಿದ. "ಹೇಳು! ಯಾರು ಹಿಡ್ಕೊಂಡಿರೋದು? ಹೆಸ್ರು ಬೊಗಳು!"

ರಂಗಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೇಳ್ತೀಯೋ, ಇನ್ನೂ ಖಾರ ಹಾಕ್ಲೋ? ಯಾರು ನಿನ್ನ ಹಿಡ್ಕೊಂಡಿರೋದು?"

ಅವಳು ತಲೆಯೆತ್ತಿದಳು. "ಪಾಲಣ್ಣ" ಎಂದಳು.

ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಿದ್ದನ್ನು ಆ ಕೇರಿಯವರು ಅಲ್ಲಿಯವರೆಗೆ ಕೇಳಿದವರಲ್ಲ. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಚಿಕ್ಕಹನುಮಯ್ಯನಿಗೆ ಮನೆಯ ಯಜಮಾನನ ಹೆಸರು ಆ ಗಳಿಗೆಯಲ್ಲಿ ನೆನಪಿಗೆ ಬರಲಿಲ್ಲವೋ, ಬಾಯಿಪಾಠವೇ ಮುಂದೆ ಓಡಿತೋ, ಕಸುಬು ಬಿಡದೆ ಕೇಳಿದ: "ಎಲ್ಲಿ ಸತ್ತೆ? ಹೆಂಗೆ ಸತ್ತೆ?"

"ಸತ್ತಿಲ್ಲ" ಎಂದಳು ರಂಗಕ್ಕ, ಮೆಲ್ಲಗೆ, ಕೇಳಿದ್ದಕ್ಕೆ ಉತ್ತರ ಕೊಡುವಂತೆ. "ಅಗೋ, ಕಂಬ್ಳಿ ಮ್ಯಾಲೆ ಕೂತವ್ನೆ. ದಿನಾ ಬತ್ತಾನೆ. ಪಟ್ಟಿ ಬಿಚ್ಕಂಡು ಬತ್ತಾನೆ."

ಹಿಂದಿನ ಸಾಲಿನಲ್ಲಿ ಯಾರೋ ಹುಡುಗಿ ಕಿಸಕ್ಕನೆ ನಕ್ಕಳು. ಆ ನಗುವೇ ಪಾಲಣ್ಣನನ್ನು ಎಬ್ಬಿಸಿದ್ದು. ನೆಗೆದು ಬಂದವನೇ ದವಾಲಿ ಕಿತ್ತು ಬೂದಿ ಗೆರೆಯೊಳಗೆ ನುಗ್ಗಿ, "ಯಾರ ಹೆಸ್ರು ಹೇಳ್ತೀಯೇ ಮುಂಡೆ" ಎಂದು ಬೀಸಿಯೇ ಬಿಟ್ಟ. ಪೆಟ್ಟು ಎಲ್ಲರ ಎದುರಿಗೆ, ಹಾಡಹಗಲಲ್ಲಿ ಬಿತ್ತು. ಹೆಗಲ ಸೆರಗು ಜಾರಿ, ಹಳೆಯ ಗಾಯದ ಪಕ್ಕದಲ್ಲೇ ಅದರದೇ ಆಕಾರದ ಹೊಸ ಕೆಂಪು ಎದ್ದಿತು. ದೆವ್ವದ ಹೊಡೆತ ಹೇಗಿರುತ್ತದೆಂದು ಕೇರಿಯವರೆಲ್ಲ ಕಣ್ಣಾರೆ ಕಂಡರು. ಕಂಡು ಏನು ಮಾಡಿದರು? ಬೊಮ್ಮಣ್ಣ ಗಂಟಲು ಸರಿಮಾಡಿಕೊಂಡು, "ಸಾಕು ಬುಡು ಪಾಲಣ್ಣ, ಹೊರಗೆಲ್ಲ ಯಾಕೆ" ಎಂದ. ಹೊಡೆದದ್ದು ಸರಿ, ಹೊಡೆದ ಜಾಗ ಸರಿಯಿಲ್ಲ ಎಂಬುದು ಆ ದೊಡ್ಡ ಮನುಷ್ಯನ ನ್ಯಾಯ. ಚಿಕ್ಕಹನುಮಯ್ಯ ತನ್ನ ಸೊಪ್ಪು, ಕುಂಕುಮ ಎಲ್ಲ ಜೋಳಿಗೆಗೆ ತುಂಬಿಕೊಳ್ಳತೊಡಗಿದ.

ಪುಟ್ಟಕ್ಕ ಜನರನ್ನು ತಳ್ಳಿಕೊಂಡು ಒಳಗೆ ಬಂದಳು. ತಂಗಿಯ ಸೆರಗು ಸರಿಮಾಡಿದಳು. ಕಾಟಮ್ಮನ ಕೈಯಲ್ಲಿದ್ದ ಮಗುವನ್ನು ಕಿತ್ತುಕೊಂಡಳು.

"ಎಲ್ಲಿಗೆ?" ಎಂದ ಪಾಲಣ್ಣ.

"ನಮ್ಮೂರಿಗೆ."

"ನನ್ನ ಹೆಂಡ್ತೀನ ನನ್ನ ಕೇಳ್ದೆ ಕರ್ಕೊಂಡು ಹೋಗೋಕೆ ನೀನ್ಯಾವಳು?"

ಪುಟ್ಟಕ್ಕ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಸರಿ, ಕೇಳೋಣ ಬಾ. ಇವಳನ್ನ ಹಿಂಗೇ ಕರ್ಕೊಂಡು ನಿನ್ನ ಕಚೇರಿ ಮುಂದೆ ನಿಲ್ಲಿಸ್ತೀನಿ. ಸರ್ಕಾರ ಕೊಟ್ಟ ಪಟ್ಟೀಲಿ ಬಾಣಂತೀನ ಹೊಡೆಯೋಕೆ ಹುಕುಂ ಐತಾ ಸ್ವಾಮಿ ಅಂತ ನಿಮ್ಮ ಸಾಹೇಬ್ರನ್ನೇ ಕೇಳ್ತೀನಿ. ಹೊರಡು."

ಕೋಟೆ ಕಾದವರ ರಕ್ತ ಆ ಕ್ಷಣವೇ ತಣ್ಣಗಾಯಿತು. ಪಾಲಣ್ಣನ ಮುಖದಲ್ಲಿ ಕಚೇರಿಯ ಮುಖ ಬಂತು, ಗಂಟೆ ಬಾರಿಸಿದಾಗ ಓಡುವವನ ಮುಖ. "ಅಕ್ಕ, ಅಷ್ಟಕ್ಕೆಲ್ಲ ಯಾಕೆ... ನಾಲ್ಕು ದಿನ ಇದ್ದು ಬರ್ಲಿ, ಬೇಡ ಅಂದ್ನಾ ನಾನು?" ಎಂದು ದವಾಲಿಯನ್ನು ಬೆನ್ನ ಹಿಂದೆ ಹಿಡಿದುಕೊಂಡ. ಇಡೀ ಕೇರಿ ಅವನನ್ನು ನೋಡುತ್ತಿತ್ತು. ಪುಟ್ಟಕ್ಕ ತಾಯಿ ಮಗು ಇಬ್ಬರನ್ನೂ ಗಾಡಿ ಹತ್ತಿಸಿದಳು.

ಬಡವನಹಳ್ಳಿ ದಾಟಿದ ಮೇಲೆ ರಂಗಕ್ಕ ತಾನಾಗಿ ಹೇಳಿದಳು. "ಅಕ್ಕಯ್ಯ, ಮಗೂನ ಸಾಯ್ಸೋಕೆ ಹೋಗಿರ್ಲಿಲ್ಲ ಕಣೆ. ಬಚ್ಚಿಡೋಕೆ ಬೇರೆ ಜಾಗ ಕಾಣ್ಲಿಲ್ಲ. ನೀರೊಳಗಾದ್ರೆ ಅವನ ಕೈಗೆ ಸಿಗಾಕಿಲ್ಲ ಅನ್ನಿಸ್ತು."

ಪುಟ್ಟಕ್ಕ "ಹೂಂ" ಎಂದಳು. ಮಗುವನ್ನು ಇನ್ನೊಂದು ತೋಳಿಗೆ ಬದಲಿಸಿಕೊಂಡು ತಂಗಿಯ ತಲೆಯನ್ನು ತನ್ನ ತೊಡೆಯ ಮೇಲೆ ಒರಗಿಸಿಕೊಂಡಳು.

ತಾವರೆಕೆರೆಯಲ್ಲಿ ಪವಾಡವೇನೂ ನಡೆಯಲಿಲ್ಲ. ಪುಟ್ಟಕ್ಕ ಮಾಡಿದ್ದು ಇಷ್ಟು: ತಂಗಿಗೆ ಎಣ್ಣೆ ನೀರು ಹಾಕಿ ಮಲಗಿಸಿದಳು, ಎದ್ದರೆ ಉಣ್ಣಿಸಿ ಮತ್ತೆ ಮಲಗಿಸಿದಳು, ಬಾಗಿಲ ಹೊರಗೆ ತಾನೇ ಚಾಪೆ ಹಾಸಿಕೊಂಡು ಕುಳಿತಳು. "ಬಂದ್ರು" ಎಂದು ರಂಗಕ್ಕ ಬೆಚ್ಚಿ ಎದ್ದರೆ, "ಬಂದ್ರೆ ನನ್ನ ದಾಟ್ಕೊಂಡು ಬರ್ಬೇಕು, ಮಲಕ್ಕೊ" ಎನ್ನುತ್ತಿದ್ದಳು. ಪಕ್ಕದ ಮನೆಯಲ್ಲಿ ಹೆತ್ತಿದ್ದ ಹೆಂಗಸೊಬ್ಬಳು ಮಗುವಿಗೆ ಹಾಲು ಕೊಟ್ಟಳು. ಉಳಿದ ಹೊತ್ತು ಮೇಕೆ ಹಾಲು. ಮೊದಮೊದಲು ಮಗುವನ್ನು ರಂಗಕ್ಕನ ಬಳಿ ಒಂಟಿಯಾಗಿ ಬಿಡುತ್ತಿರಲಿಲ್ಲ. ಎತ್ತಿಕೋ ಎಂದು ಬಲವಂತವನ್ನೂ ಮಾಡುತ್ತಿರಲಿಲ್ಲ. ಮಳೆಗಾಲ ಕಳೆದು, ಅಂಗಳದಲ್ಲಿ ಕಡ್ಲೆಕಾಯಿ ಬಿಡಿಸುತ್ತಿದ್ದಾಗ, ಚಾಪೆಯ ಮೇಲಿದ್ದ ಮಗು ಮಗುಚಿಕೊಂಡು ಒಂದು ಕಾಯಿಯನ್ನು ಬಾಯಿಗೆ ಹಾಕಿಕೊಂಡಿತು. ರಂಗಕ್ಕ ಬೆರಳು ಹಾಕಿ ತೆಗೆದು, ಅದನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡು, ಕೆಲಸ ಮುಂದುವರಿಸಿದಳು. ಪುಟ್ಟಕ್ಕ ಕಂಡೂ ಕಾಣದವಳಂತೆ ಬಿಡಿಸಿದ ಬಳ್ಳಿ ಒಳಗಿಡಲು ಎದ್ದು ಹೋಗಿ, ಗೋಡೆಯ ಮರೆಯಲ್ಲಿ ಕಣ್ಣೊರೆಸಿಕೊಂಡಳು.

ಸುಗ್ಗಿ ಮುಗಿದ ಮೇಲೆ ಪಾಲಣ್ಣ ಬಂದ. ಒಬ್ಬನೇ ಬರುವ ಧೈರ್ಯ ಎಲ್ಲಿಯದು? ಬೊಮ್ಮಣ್ಣನನ್ನು ಜೊತೆಗೆ ಕರೆತಂದಿದ್ದ. ಜಗಲಿಯಲ್ಲಿ ಕುಳಿತು ಬೆಲ್ಲ ನೀರು ಕುಡಿದು ಬೊಮ್ಮಣ್ಣ ಶುರುಮಾಡಿದ. "ನೋಡಮ್ಮ ರಂಗಕ್ಕ, ಗಂಡ ಅಂದ್ಮೇಲೆ ಒಂದು ಮಾತು ಬತ್ತದೆ, ಒಂದು ಏಟು ಬತ್ತದೆ. ನಮ್ಮ ಮನೇಲಿ ಇಲ್ವಾ? ಹೆಣ್ಣು ಹೊಂದ್ಕೊಂಡು ಹೋಗ್ಬೇಕು."

"ನಿಮ್ಮ ಮನೇಲೂ ಐತಾ ಮಾವ?" ಎಂದಳು ರಂಗಕ್ಕ. "ಅತ್ತೆಮ್ಮನ್ನ ಒಂದ್ ದಪ ಇಲ್ಲಿಗೆ ಕಳ್ಸಿ. ಮಲಗೋಕೆ ಜಾಗ ಐತೆ."

ಬೊಮ್ಮಣ್ಣ ಬೆಲ್ಲದ ಚೂರನ್ನು ಬಾಯಲ್ಲೇ ಇಟ್ಟುಕೊಂಡ. ಪಾಲಣ್ಣ ಮುಂದೆ ಬಗ್ಗಿ, ಕಚೇರಿಯಲ್ಲಿ ಅರ್ಜಿ ಕೊಡಲು ಬಂದವರ ಹತ್ತಿರ ಆಡುವ ದನಿಯಲ್ಲಿ, "ಹಳೇದೆಲ್ಲ ಮರ್ತುಬುಡು. ನಾನು ದೊಡ್ಡ ಮನಸ್ಸು ಮಾಡಿವ್ನಿ" ಎಂದ. ಮಗುವಿನ ಕಡೆ ಒಮ್ಮೆಯೂ ನೋಡಿರಲಿಲ್ಲ. ಅದಕ್ಕೆ ಹೆಸರಿಟ್ಟಿದ್ದಾರೋ ಇಲ್ಲವೋ ಎಂದೂ ಕೇಳಿರಲಿಲ್ಲ.

ರಂಗಕ್ಕ ಮಗುವನ್ನು ಮಡಿಲಿಗೆ ಎಳೆದುಕೊಂಡಳು. "ನಾನು ಬರಾಕಿಲ್ಲ" ಎಂದಳು. ಕಾರಣ ಹೇಳಲಿಲ್ಲ, ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ. ಅವರು ಸ್ವಲ್ಪ ಹೊತ್ತು ಗದರಿದರು, ಸ್ವಲ್ಪ ಹೊತ್ತು ಗೋಗರೆದರು. ಪುಟ್ಟಕ್ಕ ಒಳಗಿನಿಂದಲೇ, ಜಗಲಿಗೆ ಕೇಳುವಂತೆ, ಕೆಲಸದವರಿಗೆ ಎತ್ತು ಕಟ್ಟಲು ಹೇಳಿದಳು, ತಾನು ಮಧುಗಿರಿಯ ಕಚೇರಿಗೆ ಹೋಗಬೇಕಾಗಬಹುದೆಂದು. ಅತಿಥಿಗಳು ಎದ್ದರು.

ಊರು ಪಾಲಣ್ಣನಿಗೆ ಇನ್ನೊಂದು ಹೆಣ್ಣು ಹುಡುಕಿಕೊಟ್ಟಿತು. ಅಂಗಳದಲ್ಲಿ ಕುಳಿತು ಎಲ್ಲವನ್ನೂ ಕಂಡಿದ್ದ ಅದೇ ಜನ ಮದುವೆಯೂಟಕ್ಕೆ ಹೋಗಿ, ಪಾಯಸ ಚೆನ್ನಾಗಿತ್ತೆಂದರು. ಹುಡುಗಿ ಪಾವಗಡದ ಆಚೆಯವಳು, ಕೊಲ್ಲಾಪುರಮ್ಮ ಎಂದು ಹೆಸರು. ಕೋಟೆ ಕೇರಿಯ ಸುದ್ದಿ ಅಷ್ಟು ದೂರ ಹೋಗುವುದಿಲ್ಲವೆಂದೇ ಅಲ್ಲಿಂದ ತಂದದ್ದು.

ಎರಡು ವರ್ಷದ ಮೇಲೆ ಸಿರಾ ಸಂತೆಯಲ್ಲಿ ರಂಗಕ್ಕನಿಗೆ ಸುದ್ದಿ ಸಿಕ್ಕಿತು: ಕೊಲ್ಲಾಪುರಮ್ಮ ಹೆರಿಗೆಗೆ ತವರಿಗೆ ಹೋಗಿದ್ದಾಳೆ, ಹಡೆದಿದ್ದಾಳೆ, ಯಾರ ಜೊತೆಗೂ ಮಾತಾಡುತ್ತಿಲ್ಲ. ಅಂದು ರಂಗಕ್ಕ ಮನೆಗೆ ಬಂದು ಉಣ್ಣಲಿಲ್ಲ. ಮರುದಿನ ಅಕ್ಕನಿಗೆ ಹೇಳಿ, ಮಗಳನ್ನು ಸೊಂಟಕ್ಕೇರಿಸಿಕೊಂಡು ಹೊರಟಳು. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಏರು ಬಂದಲ್ಲೆಲ್ಲ ಜನ ಇಳಿದು ತಳ್ಳಬೇಕು.

ಕೊಲ್ಲಾಪುರಮ್ಮನ ತಂದೆಗೆ ಬಂದವಳು ಯಾರೆಂದು ತಿಳಿದದ್ದೇ ತಡ, ತೆಲುಗು ಬೆರೆತ ಮಾತಿನಲ್ಲಿ ಉರಿದುಬಿದ್ದ. "ಏಮಮ್ಮ, ಸವತಿ ಹೊಟ್ಟೆಕಿಚ್ಚಿಗೆ ಇಷ್ಟು ದೂರ ಬಂದ್ಯಾ? ಅಲ್ಲುಡು ಸರ್ಕಾರಿ ಮನಿಷಿ. ಶುಕ್ರವಾರ ಗಾಡಿ ಕಳಿಸ್ತಾನೆ. ನಮ್ಮ ಹುಡ್ಗಿ ಹೋಗ್ತಾಳೆ." ಸರ್ಕಾರಿ ಅಳಿಯ! ಅವನಿಗೆ ಅಷ್ಟು ಸಾಕಾಗಿತ್ತು.

ತಾಯಿ ಮಾತ್ರ ಬಾಗಿಲು ಬಿಟ್ಟು ಸರಿದು ನಿಂತಳು. ಒಳಗೆ ಗೋಡೆಯ ಕಡೆ ಮುಖ ಮಾಡಿ ಒಂದು ಹುಡುಗಿ ಮಲಗಿತ್ತು. ಇನ್ನೂ ಎಳೆಯ ಮುಖ. ರಂಗಕ್ಕ ಪಕ್ಕದಲ್ಲಿ ಕುಳಿತಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದದ್ದೆಲ್ಲ ಮರೆತುಹೋಗಿತ್ತು.

"ನಿದ್ದೆ ಬತ್ತದಾ?" ಎಂದಳು.

ಹುಡುಗಿ ತಿರುಗದೆಯೇ ತಲೆಯಲ್ಲಾಡಿಸಿತು, ಇಲ್ಲವೆಂದು.

"ನಂಗೂ ಬತ್ತಿರ್ಲಿಲ್ಲ. ನಿನ್ನ ತಪ್ಪಲ್ಲ ಕಣಮ್ಮ ಅದು. ನಿಂಗೆ ಏನೂ ಹಿಡ್ದಿಲ್ಲ."

ರಂಗಕ್ಕ ಸೆರಗು ಸರಿಸಿ ತನ್ನ ಹೆಗಲು ತೋರಿಸಿದಳು. ಹುಡುಗಿ ಈಗ ತಿರುಗಿ ನೋಡಿತು. ಬಾಗಿಲಲ್ಲಿ ನಿಂತಿದ್ದ ತಾಯಿಯೂ ನೋಡಿದಳು, ಮಗಳ ಮೈಮೇಲೆ ತಾನು ಕಂಡದ್ದಕ್ಕೂ ಇದಕ್ಕೂ ವ್ಯತ್ಯಾಸ ಹುಡುಕುತ್ತಿರುವಂತೆ. ಆಮೇಲೆ ಹೊರಗೆ ಹೋಗಿ ಗಂಡನಿಗೆ ತಗ್ಗಿದ ದನಿಯಲ್ಲಿ ಏನೋ ಹೇಳಿದಳು. ಅವನು ಕೂಗಾಡಿದ. ಅವಳ ದನಿ ಏರಲಿಲ್ಲ, ನಿಲ್ಲಲೂ ಇಲ್ಲ.

ಒಳಗೆ ಕೊಲ್ಲಾಪುರಮ್ಮ ಎದ್ದು ಕುಳಿತು, "ನೇನು ಪೋನು" ಎಂದಳು. ನಾನು ಹೋಗುವುದಿಲ್ಲ ಎಂದು. ಮೊದಲು ಪಿಸುಮಾತಿನಲ್ಲಿ, ಮತ್ತೆ ತಂದೆಗೆ ಕೇಳುವಷ್ಟು ಗಟ್ಟಿಯಾಗಿ. ಶುಕ್ರವಾರ ಬಂದ ಗಾಡಿ ಹಾಗೆಯೇ ಮಧುಗಿರಿಗೆ ತಿರುಗಿತು.

ಆ ಗಾಡಿ ಬರುವಷ್ಟರಲ್ಲಿ ರಂಗಕ್ಕ ತಾವರೆಕೆರೆ ಸೇರಿಯಾಗಿತ್ತು. ಅವಳು ಹೊರಡುವಾಗ ಕೊಲ್ಲಾಪುರಮ್ಮನ ಮಗು ಎದ್ದು ಅತ್ತಿತ್ತು. ಆ ಅಳು ಕೇಳಿದ್ದೇ ಅವಳ ಅಂಗೈ ತಣ್ಣಗಾಗಿ, ಅಂಗಳದ ಕಲ್ಲಿನ ಮೇಲೆ ಕುಳಿತುಬಿಟ್ಟಿದ್ದಳು. ಆ ಹಳೆಯ ಭಯ ಅವಳನ್ನು ಪೂರ್ತಿ ಬಿಟ್ಟುಹೋಗಲೇ ಇಲ್ಲ. ಅಂದು ಮಗಳು ಅವಳ ಗಲ್ಲ ಹಿಡಿದು, "ಅವ್ವ, ಹಸಿವು" ಎಂದಿತು. ರಂಗಕ್ಕ ಮಡಿಲಿನಿಂದ ಪುರಿ ತೆಗೆದು ಅದರ ಬೊಗಸೆಗೆ ಹಾಕಿದಳು, ಸ್ವಲ್ಪ ತಾನೂ ಬಾಯಿಗೆ ಹಾಕಿಕೊಂಡಳು, ಕೈಗೆ ಬಿಸುಪು ಬರುವವರೆಗೆ ಕಾದು ಬಸ್ಸಿನ ದಾರಿ ಹಿಡಿದಳು.